ಹಬ್ಬಕ್ಕೆ ತೊಳೆದ ಗೋಡೆ

ಎಲೆಪೇಟೆಯ ಮನೆಗಳಿಗೆ ಸಸ್ಯಕೋಶದ ಪೊರೆಯೇ ಗೋಡೆ. ಸಾಮಾನು ಗುಳ್ಳೆಗಳಲ್ಲಿ ತೇಲಿ ಬರುತ್ತದೆ. ಗುಳ್ಳೆಯ ಪ್ರೋಟೀನ್ ಕೊಕ್ಕೆ ಗೋಡೆಯ ಕೊಕ್ಕೆಗೆ ಹೆಣೆದುಕೊಂಡರಷ್ಟೇ ಒಳಗೆ ಬಿಚ್ಚಿಕೊಳ್ಳುತ್ತದೆ.

ದಸರೆ ಬಂತು, ಗೋಡೆ ತೊಳೆ ಎಂದು ಅವ್ವ ಮಗನಿಗೆ ಹೇಳಿದಳು. ಚಂಬಣ್ಣ ಗೋಡೆ ತಿಕ್ಕಿ ತಿಕ್ಕಿ ಕೊಕ್ಕೆಗಳನ್ನೂ ತೊಳೆದುಬಿಟ್ಟ. ಈಗ ಅವ್ವನ ದಮ್ಮಿನ ಔಷಧಿಯ ಗುಳ್ಳೆ ಗೋಡೆಗೆ ಬಡಿದು ಬಡಿದು ಜಾರುತ್ತಿತ್ತು. ಒಡೆದು ತೆಗೆಯೋಣವೆಂದರೆ ಔಷಧಿಯ ಆವಿ ಗಾಳಿಪಾಲಾಗುತ್ತದೆ. ಒಳಗೆ ಅವ್ವನ ಏದುಸಿರು ಕೇಳಿಸುತ್ತಿತ್ತು. ಚಂಬಣ್ಣ ಒಳಗೂ ಹೊರಗೂ ಓಡಾಡಿದ.

ಪಕ್ಕದ ಮನೆಯ ನೀಲಗಂಗಕ್ಕ ಅವ್ವನ ದನಿಯನ್ನೇ ಅಣಕಿಸಿದಳು: “‘ನೀಲಗಂಗಾ, ನಿನ್ನ ಗ್ವಾಡಿ ಎಷ್ಟ ಹೊಲಸ ಐತಿ’ ಅಂತಿದ್ಲಲ್ಲೋ ನಿಮ್ಮವ್ವ. ಸರಿ ಅತ್ಲಾಗ, ತಮ್ಮಾ.”

ತನ್ನ ಗೋಡೆಯ ಕೊಕ್ಕೆ ತುಂಬಿದ ಲೋಳೆ ಕೆರೆದು ತಂದು ಇವರ ಗೋಡೆಗೆ ಬಳಿದಳು. ಗುಳ್ಳೆ ಗಪ್ಪನೆ ಕಚ್ಚಿಕೊಂಡು ಒಳಗೆ ಬಿಚ್ಚಿಕೊಂಡಿತು.

ಉಸಿರು ಹದಕ್ಕೆ ಬರುತ್ತಲೇ ಅವ್ವ ಗೋಡೆ ನೋಡಿದಳು. “ಚಂಬಣ್ಣಾ, ಅಲ್ಲೇನೋ ಹೊಲಸ ಹತ್ತೇತಿ ನೋಡು, ಒರಸ.”

ಚಂಬಣ್ಣ ಒರೆಸುವ ಅರಿವೆಯನ್ನೇ ನೀಲಗಂಗಕ್ಕನ ಕೈಗೆ ಕೊಟ್ಟು ಅವಳ ಮನೆಗೆ ಕಳಿಸಿಬಿಟ್ಟ.