ಚೂಪು ಬಾಲ

"ಇದರ ಬಾಲ ಕತ್ತರಿಸು," ಎನ್ನುತ್ತ ಮಗಳು ತನ್ನ ಸರ್ಫಿಂಗ್ ಹಲಗೆಯನ್ನು ಅಪ್ಪನ ಕೆಲಸದ ಮೇಜಿನ ಮೇಲೆ ಬೋರಲು ಹಾಕಿದಳು. ಸಮುದ್ರದ ನೀರು ಇನ್ನೂ ಅದರಿಂದ ತೊಟ್ಟಿಕ್ಕುತ್ತಿತ್ತು.

ಅಪ್ಪ ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದ. ಬೆಳಗಿನಿಂದ ಯಾರದೋ ಹಲಗೆ ಉಜ್ಜುತ್ತಿದ್ದವನ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಬಿಳಿ ಪುಡಿಮಯವಾಗಿತ್ತು. "ಚೆನ್ನಾಗಿರೋ ಬೋರ್ಡಿಗೆ ಏನು ರೋಗ ಬಂತು?"

"ರೋಗ ನನಗೇ ಅಂದ್ಕೊಂಡಿದ್ದೆ. ಇವತ್ತು ಗೆಳತಿ ಬೋರ್ಡು ಇಸ್ಕೊಂಡು ಹತ್ತಿದೆ. ಹಿಂದಿಟ್ಟ ಕಾಲು ಒತ್ತಿದ್ದೇ ತಡ, ಗಿರ್ರಂತ ತಿರುಗಿತು. ನಾನು ಬೀಳಲಿಲ್ಲ ಅಪ್ಪ. ಖುಷಿಗೆ ಕಿರುಚಿಬಿಟ್ಟೆ."

ಅವನು ಉಜ್ಜುಕಾಗದವನ್ನು ಮಡಿಚಿದ, ಮತ್ತೆ ಬಿಡಿಸಿದ. "ಆ ಬೋರ್ಡು ಯಾರು ಮಾಡಿದ್ದಂತೆ?"

"ನೀನೇ."

ಗೋಡೆಗೆ ಒರಗಿಸಿದ್ದ ಹಲಗೆಗಳ ಸಾಲಿನ ಮುಂದೆ ಅವಳು ಒಂದೊಂದರ ಬಾಲವನ್ನೂ ಮುಟ್ಟುತ್ತ ನಡೆದಳು. "ಇದು ಚೌಕ. ಇದೂ ಚೌಕ. ಇದು ಮೀನಿನ ಬಾಲದ ಹಾಗೆ ಸೀಳು. ಊರಲ್ಲಿರೋರಿಗೆಲ್ಲ ಅಗಲ ಬಾಲ, ನನಗೊಬ್ಬಳಿಗೆ ಮಾತ್ರ ಚೂಪು. ಯಾಕೆ?"

"ಚೂಪು ಬಾಲ ನೀರನ್ನ ಕಚ್ಚಿ ಹಿಡಿಯುತ್ತೆ. ಎಂಥ ದೊಡ್ಡ ಅಲೆ ಬಂದ್ರೂ ಜಾರಲ್ಲ. ನಾಳೆ ಮನೆ ಎತ್ತರದ ಅಲೆ ಬಂತು ಅಂತಿಟ್ಕೋ..."

"ಇಲ್ಲಿ ಅಲೆ ಸೊಂಟಕ್ಕಿಂತ ಮೇಲೆ ಎದ್ದಿದ್ದು ನೀನು ಯಾವತ್ತು ನೋಡಿದ್ದೀಯ? ಸಣ್ಣ ಅಲೇಲಿ ಇದರ ಹಿಂಭಾಗ ಮುಳುಗುತ್ತೆ. ತಿರುಗು ಅಂದ್ರೆ ಬಸ್ಸಿನ ಹಾಗೆ ಊರೆಲ್ಲ ಬಳಸಿ ಬರುತ್ತೆ."

ಪ್ರತಿ ಸ್ಪರ್ಧೆಯಲ್ಲೂ ಅವಳು ಮೊದಲ ಸುತ್ತಿನಲ್ಲೇ ಹೊರಬೀಳುತ್ತಿದ್ದಳು. ಉಳಿದವರು ಅಲೆಯ ಮೇಲೆ ಬಳುಕಿ, ತಿರುಗಿ, ನೀರು ಚಿಮ್ಮಿಸಿ ಅಂಕ ಗಳಿಸಿದರೆ ಇವಳದು ಗೆರೆ ಎಳೆದ ಹಾಗೆ ನೇರ ಓಟ. ಹಲಗೆಯಲ್ಲೇ ಏನೋ ಐಬಿದೆ ಎಂದು ಅವಳು ಅಂದಾಗಲೆಲ್ಲ ಅವನು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಹಿಂಗಾಲಲ್ಲಿ ಬಲ ಇಲ್ಲ ಮಗಳೇ," ಎಂದು ನಕ್ಕುಬಿಡುತ್ತಿದ್ದ. ಅವಳು ಅದನ್ನು ನಂಬಿದ್ದಳು. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಒಲೆಯ ಮುಂದೆ ಕೂಡ ಒಂಟಿ ಕಾಲಲ್ಲಿ ನಿಂತು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಕೊನೆಗೆ ಸಾಕಾಗಿ, ಈ ಭಾನುವಾರದ್ದೇ ತನ್ನ ಕೊನೆಯ ಸ್ಪರ್ಧೆ ಎಂದು ಗೆಳತಿಯರಿಗೆಲ್ಲ ಹೇಳಿಯೂ ಆಗಿತ್ತು.

"ನೆಲ ಡೊಂಕೇ ಇತ್ತಲ್ಲಪ್ಪ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನೂ ಏರಿಸಿ ಪಾರಾಗುತ್ತಿದ್ದ.

ಅವನು ಹಲಗೆಯ ತುದಿಯನ್ನು ಅಂಗೈಯಿಂದ ಒರೆಸಿದ. "ಚೂಪು ಬಾಲದ್ದು ಸೀದಾ ಬರುತ್ತೆ. ನಾನು ದಡದಲ್ಲಿ ಎಲ್ಲಿ ನಿಂತಿರ್ತೀನೋ ಅಲ್ಲಿಗೇ ಬಂದು ಇಳೀತಿದ್ದೆ ನೀನು. ಅಮ್ಮ ತೀರಿಕೊಂಡ ವರ್ಷ. ನೀನಿನ್ನೂ ಚಿಕ್ಕವಳು. ಅತ್ತಿತ್ತ ಹೋಗಿಬಿಟ್ರೆ ನಾನು ಎಲ್ಲಿ ಅಂತ ಹುಡುಕಲಿ?"

"ಆಗ ಸರಿ. ಆಮೇಲೆ?"

"ಆಮೇಲೆ ನಿನಗೆ ಹೊಸದು ಮಾಡುವಾಗಲೆಲ್ಲ ಹಾಗೇ ಅಭ್ಯಾಸ ಆಯ್ತು."

"ಯಾರಿಗೆ?"

ಅವನು ಮೇಜಿನ ಮೇಲಿನ ಪುಡಿ ಒರೆಸುತ್ತ, "ಹೊಸದೇ ಮಾಡಿಕೊಡ್ತೀನಿ ಬಿಡು. ಅಗಲ ಬಾಲದ್ದೇ," ಎಂದ.

"ಭಾನುವಾರದೊಳಗೆ ಹೊಸದು ಎಲ್ಲಿ ಮುಗಿಯುತ್ತೆ? ಇದನ್ನೇ ಕತ್ತರಿಸು."

ಅವನು ಪೆನ್ಸಿಲ್ ತೆಗೆದು ತುದಿಯಿಂದ ಎರಡು ಬೆರಳು ಬಿಟ್ಟು ಗೆರೆ ಎಳೆದ. ಮಗಳು ಒದ್ದೆ ಹೆಬ್ಬೆರಳಿನಿಂದ ಅದನ್ನು ಅಳಿಸಿ, ಹಲಗೆ ಅಗಲವಾಗುವ ಕಡೆಗೆ ಇನ್ನೂ ಎರಡು ಬೆರಳು ಮೇಲೆ ತಾನೇ ಎಳೆದಳು. ಗರಗಸ ಒಳಗಿಳಿದಾಗ ಸದ್ದು ಹಲ್ಲು ಜುಮ್ಮೆನ್ನುವಂತಿತ್ತು. ತುದಿ ಕಳಚಿ ಪುಡಿಯ ರಾಶಿಯೊಳಗೆ ಬಿತ್ತು. ಅವನು ಕತ್ತರಿಸಿದ ಅಂಚಿಗೆ ಗಾಜಿನ ನಾರಿನ ಬಟ್ಟೆ ಸುತ್ತಿ, ಅಂಟು ಸವರಿ, ಅಡಿಯಲ್ಲಿ ನೀರು ಸೀಳುವ ರೆಕ್ಕೆಯನ್ನು ಕಿತ್ತು ಸ್ವಲ್ಪ ಮುಂದಕ್ಕೆ ಕೂರಿಸಿದ. ಅದನ್ನು ಅವಳು ಕೇಳಿರಲಿಲ್ಲ. ಬಾಲ ಅಗಲವಾದ ಮೇಲೆ ರೆಕ್ಕೆ ಹಿಂದೆಯೇ ಉಳಿದರೆ ಹಲಗೆ ಅರೆಮನಸ್ಸಿನಿಂದ ತಿರುಗುತ್ತದೆ. ಮಾಡುವುದೇ ಆದರೆ ಸರಿಯಾಗಿ ಮಾಡಬೇಕು.

ಭಾನುವಾರ ಅವನು ಒಣ ಟವೆಲ್ ಹೆಗಲಿಗೆ ಹಾಕಿಕೊಂಡು ಎಂದಿನ ಜಾಗದಲ್ಲಿ ನಿಂತ. ಮಗಳು ಅಲೆ ಹಿಡಿದಳು, ಎದ್ದಳು, ಹಿಂಗಾಲು ಒತ್ತಿದಳು. ಹಲಗೆ ಬಲಕ್ಕೆ ಹೊರಳಿತು. ಇನ್ನೊಮ್ಮೆ ಒತ್ತಿದಾಗ ಅಲೆಯ ನೆತ್ತಿಗೇರಿ, ನೀರನ್ನು ಬೀಸಣಿಗೆಯಂತೆ ಹರಡಿ ಕೆಳಗಿಳಿಯಿತು. ನೆರೆದವರು ಶಿಳ್ಳೆ ಹೊಡೆದರು. ಅವಳು ಅಲೆಯ ಜೊತೆಗೇ ಸಾಗಿ, ದೂರದ ಬಂಡೆಗಳ ಹತ್ತಿರ ಇಳಿದಳು. ಯಾರು ಎಲ್ಲಿ ನಿಂತಿದ್ದಾರೆಂದು ನೋಡುವ ಪುರುಸೊತ್ತಿಲ್ಲದೆ ಅಲ್ಲಿಂದಲೇ ಮತ್ತೆ ಕಡಲಿಗೆ ಮುಖ ಮಾಡಿದಳು.

ಅಪ್ಪ ಬಂಡೆಗಳ ಕಡೆಗೆ ನಡೆಯತೊಡಗಿದ. ಮರಳು ಸಡಿಲವಾಗಿತ್ತು, ಹೆಜ್ಜೆ ಹೂತುಹೋಗುತ್ತಿತ್ತು. ಅವನು ಅರ್ಧ ದಾರಿ ಸವೆಸುವಷ್ಟರಲ್ಲಿ ಅವಳು ಎರಡನೆಯ ಅಲೆ ಹಿಡಿದಿದ್ದಳು. ಈ ಸಲ ಎಡಕ್ಕೆ ತಿರುಗಿದಳು. ಅವನೂ ತಿರುಗಿದ, ನಾಲ್ಕು ಹೆಜ್ಜೆ ಹಾಕಿದ, ನಿಂತುಬಿಟ್ಟ.

ಎತ್ತರದ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದ ಜೀವರಕ್ಷಕ ಮೇಲಿಂದಲೇ ಕೂಗಿದ: "ಎಲ್ಲಾದರೂ ಒಂದು ಕಡೆ ಕೂತ್ಕೊಳ್ಳಿ ಯಜಮಾನ್ರೇ. ಎಲ್ಲಿ ಇಳೀತಾಳೋ ಅವಳಿಗೇ ಗೊತ್ತಿರಲ್ಲ."