ಹಳದಿ ಗೌನಿನ ಕಲೆ

"ಛೀ, ಅದೊಂದನ್ನ ಬಿಟ್ಟು ಬೇರೆ ಏನಾದ್ರೂ ಹೇಳು," ಎಂದು ಅಕ್ಕ ತಮ್ಮನ ತೋಳು ಹಿಡಿದು ಎಳೆದಳು. ತಮ್ಮನ ಕಣ್ಣು ರೋಲರ್ ಕೋಸ್ಟರ್ ಮೇಲಿತ್ತು. ಅವನ ಆರು ವರ್ಷದ ಮಗಳು ಅವನ ಬೆರಳು ಹಿಡಿದು ನಿಂತಿದ್ದಳು.

ತಾಯಿಯಿಲ್ಲದ ಆ ಮಗು ಬೆಳೆಯುತ್ತಿದ್ದದ್ದು ಈ ಅತ್ತೆಯ ಮನೆಯಲ್ಲೇ. ಅಪ್ಪ ಎನ್ನಿಸಿಕೊಂಡವನು ಭಾನುವಾರ ಬಂದು, ಸುತ್ತಾಡಿಸಿ, ಸಂಜೆ ತಂದು ಬಿಡುತ್ತಿದ್ದ. ಹೋದ ಸಲ ಇದೇ ರೋಲರ್ ಕೋಸ್ಟರ್ ಹತ್ತಿಸಿ ತಂದು ಬಿಟ್ಟಾಗ ಹಳದಿ ಗೌನಿನ ಬೆನ್ನೆಲ್ಲ ವಾಂತಿ. ಜಡೆಗೂ ಮೆತ್ತಿಕೊಂಡಿತ್ತು. ಅವನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ. ಮಗು ಮಾತ್ರ ಒಳಗೆ ಬಂದದ್ದೇ ಹಸಿವು ಎಂದು ತಟ್ಟೆ ಇಟ್ಟುಕೊಂಡು ಕೂತಿತು. ಪಾಪ, ಹೊಟ್ಟೆಯಲ್ಲಿದ್ದದ್ದೆಲ್ಲ ಹೋಗಿತ್ತಲ್ಲ! ಅತ್ತೆ ಮೂಗು ಮುಚ್ಚಿಕೊಂಡು ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಹಸುಗೂಸನ್ನು ಇಂಥದ್ದಕ್ಕೆ ಹತ್ತಿಸುವ ಇವನೂ ಒಬ್ಬ ಅಪ್ಪನೇ?

ಅದಕ್ಕೇ ಈ ಸಲ ಅವಳೇ ಕಾವಲಿಗೆ ಬಂದಿದ್ದಳು. ಯಾವ ಆಟ ಎನ್ನುವುದೂ ಅವಳದೇ ತೀರ್ಮಾನ. ಮರದ ಕುದುರೆ ಆಯಿತು, ಪುಟಾಣಿ ರೈಲು ಆಯಿತು. ಪಾದ ಮುಚ್ಚುವಷ್ಟು ಉದ್ದದ ಹೊಸ ನೀಲಿ ಗೌನು ತೊಟ್ಟ ಮಗು ಕುದುರೆಯ ಮೇಲೆ ಕೂತು ಆಕಳಿಸಿತು.

"ಅವಳಿಗೆ ದೊಡ್ಡದೇ ಇಷ್ಟ, ಅಕ್ಕಾ. ಮಾತು ಕೊಟ್ಟುಬಿಟ್ಟಿದ್ದೀನಿ," ಎಂದ ತಮ್ಮ. ಅವನ ಹಣೆಯ ಮೇಲೆ ಬೆವರಿತ್ತು.

"ನಿನ್ನ ಶೋಕಿಗೆ ಮಗೂನ ಯಾಕೋ ಗೋಳು ಹುಯ್ಕೋತೀಯ? ಇವತ್ತು ಹತ್ತಿಸಿದ್ಯೋ, ಇನ್ಮೇಲೆ ಇವಳನ್ನ ನಿನ್ನ ಜೊತೆ ಕಳಿಸೋದೇ ಇಲ್ಲ, ನೋಡ್ತಿರು!"

ಮಗು ಇಬ್ಬರ ಮುಖವನ್ನೂ ನೋಡಿತು. ಅಪ್ಪನ ಬೆರಳು ಬಿಟ್ಟು ಓಡಿಹೋಗಿ, ಎತ್ತರ ಅಳೆಯುವ ಹಲಗೆಗೆ ತಾನೇ ಬೆನ್ನು ಕೊಟ್ಟು ನಿಂತಿತು.

"ಮಕ್ಕಳು ಮುಂದಿನ ಸೀಟು, ದೊಡ್ಡವರು ಹಿಂದೆ," ಎಂದು ಕೂಗುತ್ತಿದ್ದ ಗೇಟಿನವನು ಬಗ್ಗಿ ನೋಡಿದ. ಮಗುವಿನ ತಲೆ ಕೆಂಪು ಗೆರೆಗಿಂತ ಕೆಳಗಿತ್ತು. "ಆಗಲ್ಲ ಸಾರ್, ಇನ್ನೂ ಚಿಕ್ಕವಳು."

ತಮ್ಮ ನಿಟ್ಟುಸಿರು ಬಿಟ್ಟ. ಅಕ್ಕನಿಗೆ ಪಿತ್ತ ನೆತ್ತಿಗೇರಿತು.

"ಅಂದ್ರೆ ಹೋದ ಸಲ ಈ ಗೇಟಿನವರ ಕಣ್ಣು ತಪ್ಪಿಸಿ ಹತ್ತಿಸಿದ್ದೀಯ! ಥೂ, ನಿನ್ನ ಮುಖ ನೋಡೋಕೆ ಅಸಹ್ಯ ಆಗುತ್ತೆ. ಮುಗೀತು. ಇನ್ನು ನನ್ನ ಮನೆ ಬಾಗಿಲಿಗೆ ಬರಬೇಡ."

ತಮ್ಮ ಕರವಸ್ತ್ರ ತೆಗೆದು ಹಣೆಯ ಬೆವರು ಒರೆಸಿಕೊಂಡ.

ಹಲಗೆಯ ಹತ್ತಿರದಿಂದ ಬಿಕ್ಕುವ ಸದ್ದು ಕೇಳಿತು. ಮಗು ಗೌನನ್ನು ಎರಡೂ ಕೈಯಲ್ಲಿ ಮೇಲೆತ್ತಿಕೊಂಡು, ಮಡಚಿದ್ದ ಮಂಡಿಗಳನ್ನು ನೆಟ್ಟಗೆ ಮಾಡಿತು. ತಲೆ ಕೆಂಪು ಗೆರೆ ದಾಟಿತು.

"ಅಪ್ಪಂಗೆ ಬೈಬೇಡಿ ಅತ್ತೆ... ಅವತ್ತು ವಾಂತಿ ಮಾಡಿದ್ದು ನಾನಲ್ಲ, ಹಿಂದೆ ಕೂತಿದ್ದ ಅಪ್ಪ."