ತಾರಸಿಯ ಅಂಜೂರ

ತಾರಸಿಯ ಕುಂಡದಲ್ಲಿ ಅಂಜೂರ ಹಣ್ಣಾಗುವುದೇ ತಡ, ಬೆಳಗಾಗುವಷ್ಟರಲ್ಲಿ ಮಾಯ. ಸೊಸೆಗೆ ರೇಗಿಹೋಯಿತು.

"ಪಕ್ಕದ ಮನೆಯವಳದೇ ಕೆಲಸ ಕಣೆ, ತಾರಸಿ ದಾಟಿ ಬರ್ತಾಳೆ," ಎಂದರು ಅತ್ತೆ, ಸಕ್ಕರೆಯಿಲ್ಲದ ಕಾಫಿಗೆ ಮುಖ ಕಿವುಚುತ್ತಾ. ಮಂಡಿನೋವೆಂದು ಅವರು ಮಂಚ ಬಿಟ್ಟಿಳಿಯದೆ ತಿಂಗಳಾಗಿತ್ತು.

ಸೊಸೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಖಾಲಿ ಸೈಟಿನಿಂದ ತುರುಚೆ ಸೊಪ್ಪು ಕಿತ್ತು ತಂದು, ಗುಟ್ಟಾಗಿ ಅಂಜೂರದ ಕೊಂಬೆಗಳಿಗೆಲ್ಲ ಸುತ್ತಿದಳು. ಮುಟ್ಟಿದವರ ಕೈಯೆಲ್ಲ ದದ್ದೆದ್ದು ಉರಿಯಲಿ!

ಬೆಳಿಗ್ಗೆ ನೋಡಿದರೆ ಹಣ್ಣು ಮತ್ತೆ ಮಾಯ. ಬಾಗಿಲಿಗೆ ಓಡಿಬಂದು ಇಣುಕಿದಳು. ಪಕ್ಕದ ಮನೆಯವಳು ಹಾಯಾಗಿ ರಂಗೋಲಿ ಹಾಕುತ್ತಿದ್ದಳು. ಒಮ್ಮೆಯೂ ಕೈ ಕೆರೆದುಕೊಳ್ಳಲಿಲ್ಲ.

ಪೆಚ್ಚಾಗಿ ಒಳಬಂದ ಸೊಸೆ ಎಂದಿನಂತೆ ಎಣ್ಣೆ ಬಟ್ಟಲು ಹಿಡಿದು ಕೂತಳು. "ಕಾಲು ಚಾಚಿ ಅತ್ತೆ, ಮಂಡಿಗೆ ಹಚ್ತೀನಿ."

"ಮಂಡಿ ಇರ್ಲಿ ಬಿಡೇ," ಅತ್ತೆ ಕಂಬಳಿಯಿಂದ ಎರಡೂ ಕೈ ಹೊರತೆಗೆದರು, "ಇವತ್ತು ಕೈಗೆ ಹಚ್ಚು."